ಅರ್ಥಶಾಸ್ತ್ರ ಮೈನರ್ ಎಂದರೆ ಎರಡನೇ ಪದವಿಯಲ್ಲ

ಡೊಂಬಿವಲಿಯ ನಮ್ಮ ಕನ್ನಡಿಗರ ವಾಟ್ಸ್‌ಆ್ಯಪ್ ಗುಂಪಿನಲ್ಲಿ ‘ಅರ್ಥಶಾಸ್ತ್ರ ಮೈನರ್ ತಗೊಂಡರೆ ಎರಡು ಡಿಗ್ರಿ ಸಿಗುತ್ತೆ’ ಎಂಬ ಮಾತು ಹರಿದಾಡುತ್ತಿದೆ. ಇದು ತಪ್ಪು. ಪದವಿ ಒಂದೇ, ಅದರಲ್ಲಿ ಮೇಜರ್ (ಮುಖ್ಯ ವಿಷಯ) ಜೊತೆಗೆ ಮೈನರ್ (ಪೂರಕ ವಿಷಯ) ನಮೂದಾಗುತ್ತದೆ, ಅಷ್ಟೆ. ವಿಶ್ವವಿದ್ಯಾಲಯ ಅನುದಾನ ಆಯೋಗದ (ಯುಜಿಸಿ) 2022ರ ಪಠ್ಯಕ್ರಮ ಚೌಕಟ್ಟಿನಲ್ಲಿ ಮೂರು ವರ್ಷದ ಪದವಿಗೆ 120 ಕ್ರೆಡಿಟ್ (ಓದಿನ ಹೊರೆ ಅಳೆಯುವ ಘಟಕ) ಬೇಕು. ಮೈನರ್ ಪಾಲು 24, ಅದರಲ್ಲಿ ಒಂದೇ ವಿಷಯದ್ದು ಕನಿಷ್ಠ 12 ಇರಬೇಕು. ವಿಶ್ವವಿದ್ಯಾಲಯಕ್ಕೆ ತಕ್ಕಂತೆ ಲೆಕ್ಕ ಕೊಂಚ ಬದಲಾಗುವುದುಂಟು.

ನಿನ್ನೆ ಪಕ್ಕದ ಮನೆಯ ಹುಡುಗಿ ವೇಳಾಪಟ್ಟಿ ಹಿಡಿದು ಬಂದಿದ್ದಳು. ಸೂಕ್ಷ್ಮ ಅರ್ಥಶಾಸ್ತ್ರದ ತರಗತಿಯೂ ಅವಳ ಮೇಜರ್‌ನ ಪ್ರಾಕ್ಟಿಕಲ್ಲೂ ಮಂಗಳವಾರ ಒಂದೇ ಹೊತ್ತಿಗೆ. ನೋಡಬೇಕಾದ್ದು ಇದನ್ನು! ಮಕ್ಕಳೇ, ಹೆಸರು ಕೊಡುವ ಮುನ್ನ ಆರೂ ಸೆಮಿಸ್ಟರಿನ ಪೇಪರುಗಳನ್ನು ಕಾಲೇಜಿನಲ್ಲಿ ಕೇಳಿ ಬರೆದುಕೊಳ್ಳಿ. ಮುಂದೆ ಅರ್ಥಶಾಸ್ತ್ರದಲ್ಲೇ ಎಂ.ಎ. ಮಾಡುವ ಆಸೆಯಿದ್ದರೆ ಗಣಿತ, ಸಂಖ್ಯಾಶಾಸ್ತ್ರದ ಪೇಪರು ಬಿಡಬೇಡಿ.