ಕೊಲ್ಲುವುದಲ್ಲ, ಸಂದೇಶ ಕೆಡಿಸುವುದು
ಸಿಡ್ನಿ ಕರಾವಳಿಯ ಕೆಂಪು ಕಡಲಪಾಚಿ ಡೆಲಿಸಿಯಾ ಪಲ್ಕ್ರಾ ‘ಬ್ಯಾಕ್ಟೀರಿಯಾಗಳನ್ನು ಕೊಲ್ಲುತ್ತದೆ’ ಎಂದು ಲೇಖನದಲ್ಲಿ ಬರೆದಿದ್ದೀರಿ. ಇಡೀ ಕಥೆಯ ಸ್ವಾರಸ್ಯವೇ ಆ ಒಂದು ಪದದಲ್ಲಿ ಕಳೆದುಹೋಯಿತು. 1990ರ ದಶಕದಲ್ಲಿ ನ್ಯೂ ಸೌತ್ ವೇಲ್ಸ್ ವಿಶ್ವವಿದ್ಯಾಲಯದವರು ಕಂಡುಕೊಂಡದ್ದೇ ಬೇರೆ. ಈ ಪಾಚಿ ತಯಾರಿಸುವ, ಬ್ರೋಮಿನ್‌ಯುಕ್ತ ಫ್ಯುರನೋನ್‌ಗಳೆಂಬ ರಾಸಾಯನಿಕಗಳು ಬ್ಯಾಕ್ಟೀರಿಯಾಗಳು ಒಂದಕ್ಕೊಂದು ಕಳಿಸುವ ರಾಸಾಯನಿಕ ಸಂಕೇತಗಳಿಗೆ ಅಡ್ಡಬರುತ್ತವೆ. ಸಂಕೇತ ಕೆಟ್ಟರೆ ಅವು ಗುಂಪುಗೂಡಿ ಪಾಚಿಯ ಮೇಲೆ ಲೋಳೆಪದರ ಕಟ್ಟಲಾರವು. ಹಾಗೆಂದು ಸಾಯುವುದೂ ಇಲ್ಲ. ಕೊಲ್ಲದ ಕಾರಣಕ್ಕೇ ಬ್ಯಾಕ್ಟೀರಿಯಾಗಳಲ್ಲಿ ಔಷಧಿಗೆ ಪ್ರತಿರೋಧ ಬೆಳೆಯುವ ಒತ್ತಡ ಕಡಿಮೆ ಇರಬಹುದೆಂಬ ಆಸೆ ಹುಟ್ಟಿತು. ಆದರೆ ಇಂಥ ಹಲವು ಫ್ಯುರನೋನ್‌ಗಳು ನಮ್ಮ ಜೀವಕೋಶಗಳಿಗೂ ವಿಷ. ‘ನಾಳಿನ ಆ್ಯಂಟಿಬಯಾಟಿಕ್’ ಎಂಬ ನಿಮ್ಮ ಶೀರ್ಷಿಕೆ ಆತುರದ್ದು.

ಬ್ಯಾಕ್ಟೀರಿಯಾ ಬೆಳೆಸುವ ಪೆಟ್ರಿ ತಟ್ಟೆಗಳ ಮುಂದೆ ವರ್ಷಗಟ್ಟಲೆ ಕುಳಿತವನು ನಾನು. ಪಾಚಿಯ ಸಾರದಲ್ಲಿ ಅದ್ದಿದ ಕಾಗದದ ಬಿಲ್ಲೆಯ ಸುತ್ತ ಬ್ಯಾಕ್ಟೀರಿಯಾ ಬೆಳೆಯದ ತಿಳಿಯಾದ ಉಂಗುರ ಮೂಡಿದೊಡನೆ ಔಷಧಿ ಸಿಕ್ಕಿತೆಂದು ಕುಣಿಯುವವರನ್ನು ಕಂಡಿದ್ದೇನೆ. ಒಮ್ಮೆ ಪಾಚಿಯ ಸಾರವಿಲ್ಲದೆ, ಸಾರ ತೆಗೆಯಲು ಬಳಸುವ ದ್ರಾವಕವಾದ ಮೆಥನಾಲ್ ಮಾತ್ರ ಹಾಕಿದ ಬಿಲ್ಲೆಯ ಸುತ್ತಲೂ ಅಷ್ಟೇ ದೊಡ್ಡ ಉಂಗುರವಿತ್ತು! ಬಿಲ್ಲೆಯಲ್ಲಿದ್ದ ಮೆಥನಾಲನ್ನು ಸರಿಯಾಗಿ ಒಣಗಿಸಿರಲಿಲ್ಲ, ಅಷ್ಟೇ. ಅಂದಹಾಗೆ, ಆ ತಟ್ಟೆಯಲ್ಲಿ ಬ್ಯಾಕ್ಟೀರಿಯಾಗಳಿಗೆ ಹಾಸಿಗೆಯಾಗುವ, ಜೆಲ್ಲಿಯಂಥ ಅಗರ್ ಕೂಡ ಕೆಂಪು ಕಡಲಪಾಚಿಯದ್ದೇ.