ಕೋಣಕ್ಕೆ ಕಾನೂನು ತಿದ್ದಿದವರು ಕೋಳಿಗೂ ತಿದ್ದಲಿ

ಹೋದ ತಿಂಗಳು ದಾವಣಗೆರೆ ಕಡೆ ನೆಂಟರ ಮದುವೆಗೆ ಹೋಗಿದ್ದೆ. ಮಾರನೇ ದಿನ ನಮ್ಮ ಮಾವ, ಪರಿಚಯದವರ ಲೇಯರ್ ಫಾರ್ಮ್ (ಮೊಟ್ಟೆಗಾಗಿ ಕೋಳಿ ಸಾಕುವ ಜಾಗ) ನೋಡಿಕೊಂಡು ಬರೋಣ ಬಾ ಅಂತ ಕರೆದುಕೊಂಡು ಹೋದರು. ಉದ್ದನೆಯ ಶೆಡ್. ಸಾಲಾಗಿ, ಒಂದರ ಮೇಲೊಂದು ಜೋಡಿಸಿದ ತಂತಿ ಪಂಜರಗಳು. ಒಂದೊಂದರಲ್ಲಿ ನಾಲ್ಕು ಕೋಳಿ. ಒಂದು ತಿರುಗಬೇಕು ಅಂದರೆ ಉಳಿದ ಮೂರು ಜರುಗಬೇಕು. ಕಾಲಡಿಯಲ್ಲೂ ತಂತಿಯೇ. ಇಟ್ಟ ಮೊಟ್ಟೆ ತಾನಾಗಿ ಉರುಳಿ ಮುಂದೆ ಬರಲಿ ಅಂತ ಅದನ್ನು ಇಳಿಜಾರು ಮಾಡಿದ್ದರು.

"ಇವನ್ನ ಹೊರಗೆ ಯಾವಾಗ ಬಿಡ್ತೀರಾ?" ಅಂತ ಮೇವು ಹಾಕುತ್ತಿದ್ದ ಹುಡುಗನನ್ನು ಕೇಳಿದೆ.

"ಮಾರುವಾಗ ಅಕ್ಕಾ" ಅಂದ.

ಅಂದರೆ ಒಂದೂವರೆ ವರ್ಷ ತುಂಬಿ, ಮೊಟ್ಟೆ ಕಡಿಮೆಯಾಗಿ, ಮಾಂಸದ ಲಾರಿ ಬಂದಾಗ.

ಅವತ್ತಿನಿಂದ ನಮ್ಮಜ್ಜಿಯ ಕೋಳಿಗಳು ತುಂಬಾ ನೆನಪಾಗುತ್ತಿವೆ. ಅಜ್ಜಿಯೂ ಕೋಳಿಗಳನ್ನು ಕೂಡಿಹಾಕುತ್ತಿದ್ದಳು. ಸಂಜೆ ಮಂಕರಿ ಕವುಚಿ ಮೇಲೊಂದು ಕಲ್ಲು ಹೇರುತ್ತಿದ್ದಳು. ಬೆಳಿಗ್ಗೆ ಎತ್ತಿದ ಕೂಡಲೇ ಅವು ರೆಕ್ಕೆ ಬಡಿದು ತಿಪ್ಪೆಗೆ ಓಡುತ್ತಿದ್ದವು. ಬಿಸಿಲೇರಿದ ಮೇಲೆ ಬೂದಿಯಲ್ಲಿ ಹೊರಳಾಟ. ಮೊಟ್ಟೆ ಇಡುವ ಹ್ಯಾಟೆಯ ಚಡಪಡಿಕೆ ನೋಡಬೇಕಿತ್ತು. ಎಷ್ಟೋ ಹೊತ್ತು ಮೊದಲೇ ಕೊರಗುಟ್ಟುತ್ತಾ ಮನೆಯೆಲ್ಲ ಸುತ್ತುತ್ತಿತ್ತು. ಒಲೆಯ ಹಿಂದೆ, ರಾಗಿ ಮೂಟೆಯ ಸಂದಿ, ಹಳೇ ಬುಟ್ಟಿ ಎಲ್ಲ ಇಣುಕಿ ನೋಡುತ್ತಿತ್ತು. "ಜಾಗ ಹುಡುಕ್ತಾ ಐತೆ, ಅಡ್ಡ ನಿಂತ್ಕೋಬೇಡ್ರಿ" ಅಂತ ಅಜ್ಜಿ ನಮ್ಮನ್ನು ಗದರುತ್ತಿದ್ದಳು.

ಶೆಡ್ಡಿನ ಕೋಳಿಗೂ ಅದೇ ಚಡಪಡಿಕೆ ಇದೆ. ಪಂಜರದಲ್ಲಿ ಹುಟ್ಟುಗುಣ ಸಾಯುವುದಿಲ್ಲ. ಮರೆ ಹುಡುಕುತ್ತಾ ಅದು ನಿಂತಲ್ಲೇ ಹೆಜ್ಜೆ ಹಾಕುತ್ತದೆ, ಬೇರೆ ಕೋಳಿಗಳ ಕೆಳಗೆ ನುಸುಳಲು ನೋಡುತ್ತದೆ. ಕೊನೆಗೆ ಎಲ್ಲರೆದುರು ತಂತಿಯ ಮೇಲೆಯೇ ಮೊಟ್ಟೆ ಇಡುತ್ತದೆ. ಇದು ದಿನಾ ನಡೆಯುತ್ತದೆ. ಓಡಾಟ ಇಲ್ಲ, ಮೈಯಲ್ಲಿರುವ ಸುಣ್ಣದಂಶ ಮೊಟ್ಟೆಯ ಚಿಪ್ಪಿಗೆ ಹೋಗುತ್ತಿರುತ್ತದೆ. ಹಾಗಾಗಿ ಮೂಳೆ ಟೊಳ್ಳಾಗುತ್ತವೆ. ಲಾರಿಗೆ ತುಂಬಲು ಹಿಡಿದೆಳೆದಾಗ ಎಷ್ಟೋ ಕೋಳಿಗಳ ಮೂಳೆ ಮುರಿಯುವುದು ಇದಕ್ಕೇ.

ಇದನ್ನೆಲ್ಲ ತಡೆಯಲು ಕಾನೂನೇ ಇಲ್ಲ ಅಂದುಕೊಂಡಿದ್ದೆ. ಇದೆ. 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ 11ನೇ ಸೆಕ್ಷನ್ ಓದಿ. ಪ್ರಾಣಿಗೆ ಅಲುಗಾಡಲು ಸಾಕಷ್ಟು ಎತ್ತರ, ಉದ್ದ, ಅಗಲ ಇಲ್ಲದ ಪಂಜರದಲ್ಲಿ ಕೂಡಿಹಾಕುವುದು ಅಪರಾಧ ಅಂತ ಸ್ಪಷ್ಟವಾಗಿ ಇದೆ. ಈ ಪಂಜರಗಳು ಆ ಸೆಕ್ಷನ್ನಿಗೆ ವಿರುದ್ಧ ಅಂತ ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿ ರಾಜ್ಯಗಳಿಗೆ ಬರೆದು ಹತ್ತು ವರ್ಷದ ಮೇಲಾಯಿತು. 2017ರಲ್ಲಿ ಕಾನೂನು ಆಯೋಗ ತನ್ನ 269ನೇ ವರದಿಯನ್ನು ಪೂರ್ತಿ ಕೋಳಿಗಳ ಸಾಕಣೆ, ಸಾಗಣೆಗೇ ಮೀಸಲಿಟ್ಟಿತು. ಆದರೆ ಕಾಯ್ದೆಯಲ್ಲಿ ಮೊದಲ ತಪ್ಪಿಗೆ ದಂಡ ಎಷ್ಟು ಬರೆದಿದ್ದಾರೆ ಗೊತ್ತಾ? 10 ರೂಪಾಯಿಯಿಂದ 50 ರೂಪಾಯಿ. 1960ರಲ್ಲಿ ಅದು ಹಣವೇ ಇರಬಹುದು. ಇವತ್ತು ಅಷ್ಟಕ್ಕೆ ಒಂದು ಡಜನ್ ಮೊಟ್ಟೆಯೂ ಬರಲ್ಲ.

2019ರಲ್ಲಿ ಕೇಂದ್ರದಿಂದ ಬಂದ ಕರಡು ನಿಯಮದಲ್ಲಿ ಒಂದು ಕೋಳಿಗೆ 550 ಚದರ ಸೆಂಟಿಮೀಟರ್ ಜಾಗ ಅಂತಿತ್ತು. ನಾನು ಎ4 ಹಾಳೆ ಅಳೆದು ನೋಡಿದೆ. ಅದೇ ಸುಮಾರು 624 ಚದರ ಸೆಂಟಿಮೀಟರ್ ಇದೆ. ಅಷ್ಟರಲ್ಲಿ ಕೋಳಿ ರೆಕ್ಕೆ ಬಿಚ್ಚಲಾದೀತೇ? ಪಂಜರವನ್ನು ನಾಲ್ಕು ಬೆರಳು ಅಗಲ ಮಾಡಿದರೆ ಸಾಲದು. ಪಂಜರವೇ ಹೋಗಬೇಕು ಅನ್ನುವುದು ನನ್ನ ಮಾತು.

ಈಗ ನಮ್ಮ ರಾಜ್ಯದ ವಿಷಯ. ಕಂಬಳ ನಿಂತುಹೋಗುತ್ತೆ ಅನ್ನುವ ಪರಿಸ್ಥಿತಿ ಬಂದಾಗ ನಾವು ಏನು ಮಾಡಿದೆವು ನೆನಪಿದೆಯಾ? 2017ರಲ್ಲಿ ಇದೇ 1960ರ ಕಾಯ್ದೆಗೆ ಕರ್ನಾಟಕ ತನ್ನದೇ ತಿದ್ದುಪಡಿ ತಂದಿತು. ರಾಷ್ಟ್ರಪತಿಗಳ ಅಂಕಿತ ಬಿತ್ತು. 2023ರಲ್ಲಿ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ ಅದನ್ನು ಎತ್ತಿಹಿಡಿಯಿತು. ಪ್ರಾಣಿ ಹಿಂಸೆ ತಡೆ ಸಮವರ್ತಿ ಪಟ್ಟಿಯಲ್ಲಿರುವ, ಅಂದರೆ ಕೇಂದ್ರ, ರಾಜ್ಯ ಎರಡೂ ಕಾನೂನು ಮಾಡಬಹುದಾದ ವಿಷಯ, ಹಾಗಾಗಿ ರಾಜ್ಯಕ್ಕೆ ಆ ಅಧಿಕಾರ ಇದೆ. ಕೋಣಗಳ ಓಟಕ್ಕಾಗಿ ಪಕ್ಷಭೇದ ಮರೆತು ಕಾಯ್ದೆ ತಿದ್ದಿದವರಿಗೆ, ಕೋಳಿ ನಾಲ್ಕು ಹೆಜ್ಜೆ ನಡೆಯಲಿ ಅಂತ ಒಂದು ಸಾಲು ಸೇರಿಸಲು ಏನು ಅಡ್ಡಿ? ದಿಲ್ಲಿ ಕಡೆ ಯಾಕೆ ನೋಡುತ್ತಾ ಕೂರಬೇಕು?

ಅಮೆರಿಕದಲ್ಲೂ ಇದು ರಾಜ್ಯಗಳಿಂದಲೇ ಶುರುವಾಗಿದ್ದು. ಕ್ಯಾಲಿಫೋರ್ನಿಯಾದ ಜನ 2008ರಲ್ಲಿ, ಮತ್ತೆ 2018ರಲ್ಲಿ ಮತ ಹಾಕಿ ಇಂಥ ಪಂಜರಗಳನ್ನು ಬೇಡ ಅಂದರು. ಹೊರಗಿನಿಂದ ಬಂದು ಅಲ್ಲಿ ಮಾರಾಟವಾಗುವ ಮೊಟ್ಟೆ, ಹಂದಿಮಾಂಸಕ್ಕೂ ಅದೇ ನಿಯಮ ಹಾಕಿದರು. ಹಂದಿ ಸಾಕುವವರ ಸಂಘ ಅಲ್ಲಿನ ಸುಪ್ರೀಂ ಕೋರ್ಟಿಗೆ ಹೋಯಿತು. 2023ರ ಮೇ ತಿಂಗಳಲ್ಲಿ ಸೋತಿತು.

ಇನ್ನೊಂದು ಮಾತು ಹೇಳಲೇಬೇಕು. ಕೋಳಿಯ ಕಷ್ಟ ಹೇಳಿದ ಕೂಡಲೇ ಕೆಲವರು ಅದನ್ನು ಹಿಡಿದುಕೊಂಡು "ಹಾಗಾದರೆ ಶಾಲೆಯಲ್ಲಿ ಮೊಟ್ಟೆ ಕೊಡೋದು ನಿಲ್ಲಿಸಿ" ಅಂತ ಬರುತ್ತಾರೆ. ದಯವಿಟ್ಟು ನನ್ನ ಬರಹವನ್ನು ಅದಕ್ಕೆ ಬಳಸಬೇಡಿ. 2021ರ ಕೊನೆಯಲ್ಲಿ ಬೀದರ್, ರಾಯಚೂರು, ಯಾದಗಿರಿ ಕಡೆಯ ಮಕ್ಕಳ ತಟ್ಟೆಗೆ ಮೊಟ್ಟೆ ಬಂದಾಗ ನಡೆದ ಗಲಾಟೆ ನನಗೆ ಮರೆತಿಲ್ಲ. 2024ರಿಂದ ವಾರಕ್ಕೆ ಆರು ದಿನ ಮೊಟ್ಟೆ ಸಿಗುವಂತಾಗಿದೆ. ಅದು ಮಕ್ಕಳ ಹಕ್ಕು. ಒಂದೇ ಒಂದು ಮೊಟ್ಟೆಯೂ ಕಡಿಮೆ ಆಗಬಾರದು.

ಆದರೆ ಬದಲಾವಣೆ ಅಲ್ಲಿಂದಲೇ ಶುರುವಾಗಬಹುದು ಅಲ್ವಾ? ಶಾಲೆಗಳಿಗೆ ಬೇಕಾಗುವ ಮೊಟ್ಟೆ ಸಣ್ಣ ಲೆಕ್ಕವಲ್ಲ. ಅದರಲ್ಲಿ ಹತ್ತನೇ ಒಂದು ಭಾಗವನ್ನು, ಪಂಜರವಿಲ್ಲದೆ ನೆಲದ ಮೇಲೆ ಕೋಳಿ ಬಿಟ್ಟು ಸಾಕುವವರಿಂದಲೇ ಕೊಳ್ಳಬೇಕು ಅಂತ ಸರ್ಕಾರ ನಿಯಮ ಮಾಡಲಿ. ಹಳ್ಳಿಯ ಸ್ತ್ರೀಶಕ್ತಿ ಸಂಘಗಳಿಗೆ ಮೊದಲ ಅವಕಾಶ ಕೊಡಲಿ. ಹಿತ್ತಲಲ್ಲಿ ಬಿಟ್ಟು ಸಾಕಲೆಂದೇ ಹೆಬ್ಬಾಳದಲ್ಲಿ ಬೆಳೆಸಿದ ಗಿರಿರಾಜ ತಳಿ ನಮ್ಮಲ್ಲೇ ಇದೆ.

ಫಾರ್ಮಿನ ಯಜಮಾನರ ಮೇಲೆ ನನಗೆ ಸಿಟ್ಟಿಲ್ಲ. ಮಾವನ ಪರಿಚಯದವರು ಶೆಡ್ಡಿಗೆ ಮಾಡಿದ ಸಾಲದ ಲೆಕ್ಕ ಹೇಳಿದರು. ಮೆಕ್ಕೆಜೋಳದ ರೇಟು ಏರಿದಾಗ, ಮೊಟ್ಟೆ ರೇಟು ಬಿದ್ದಾಗ ನಿದ್ದೆ ಬರಲ್ಲ ಅಂದರು. ಅಂಥವರಿಗೆ ನಾಳೆಯೇ ಪಂಜರ ಕಿತ್ತು ಬಿಸಾಕಿ ಅಂತ ಹೇಳುವುದು ಅನ್ಯಾಯ. ಹೊಸ ಶೆಡ್‌ಗಳಿಗೆ ಈಗಲೇ ನಿಯಮ ಬರಲಿ. ಹಳಬರಿಗೆ ಐದಾರು ವರ್ಷ ಸಮಯ, ಕಡಿಮೆ ಬಡ್ಡಿಯ ಸಾಲ ಸಿಗಲಿ. ಮೊಟ್ಟೆಗೆ ಸ್ವಲ್ಪ ಜಾಸ್ತಿ ಕೊಡಲು ನಾವು ಕೊಳ್ಳುವವರೂ ತಯಾರಾಗೋಣ.

ನಮ್ಮ ಶಾಸಕರಿಗೆ ಪತ್ರ ಬರೆಯುತ್ತಿದ್ದೇನೆ. ಲೇಯರ್ ಫಾರ್ಮ್ ನಡೆಸುವವರು ಯಾರಾದರೂ ಇದನ್ನು ಓದುತ್ತಿದ್ದರೆ ಒಂದು ಸಹಾಯ ಮಾಡಿ. ಪಂಜರ ತೆಗೆದರೆ ನಿಮಗೆ ಮೊಟ್ಟೆಯೊಂದಕ್ಕೆ ಎಷ್ಟು ಪೈಸೆ ಜಾಸ್ತಿ ಬೀಳುತ್ತೆ, ಶೆಡ್ ಬದಲಾಯಿಸಲು ಎಷ್ಟು ಖರ್ಚು, ಕಾಮೆಂಟಿನಲ್ಲೋ ಇನ್‌ಬಾಕ್ಸಿನಲ್ಲೋ ತಿಳಿಸಿ. ನಿಮ್ಮ ಲೆಕ್ಕವನ್ನೂ ಪತ್ರದ ಜೊತೆಗೆ ಇಟ್ಟು ಕಳಿಸುತ್ತೇನೆ.