ಸರ್ವರ್ ಜಾವಾಸ್ಕ್ರಿಪ್ಟ್‌ಗೆ ಸ್ಯಾಂಡ್‌ಬಾಕ್ಸ್ ರನ್‌ಟೈಮ್ ಬೇಕಾ, ಬೇಡ್ವಾ?

ಪರ: ಕೇಳದೆ ಯಾವ ಕೋಡೂ ಏನನ್ನೂ ಮುಟ್ಟಬಾರದು

ದಿನಾಂಕವನ್ನು ಚೆಂದವಾಗಿ ತೋರಿಸುವ ಒಂದು ಪುಟ್ಟ ಪ್ಯಾಕೇಜ್ (ಬೇರೆಯವರು ಬರೆದಿಟ್ಟ ಸಿದ್ಧ ಕೋಡ್) ಹಾಕಿಕೊಂಡಿದ್ದೀರಿ ಅಂದುಕೊಳ್ಳಿ. ಒಳಗೆ ಹೋಗುವುದು ಒಂದು ಸಂಖ್ಯೆ, ಹೊರಗೆ ಬರುವುದು ಒಂದು ಸ್ಟ್ರಿಂಗ್. ಅಷ್ಟೇ ಅದರ ಕೆಲಸ. ಆದರೆ ನೋಡ್‌ನಲ್ಲಿ, ಅಂದರೆ ಸರ್ವರ್‌ನಲ್ಲಿ ಜಾವಾಸ್ಕ್ರಿಪ್ಟ್ ಓಡಿಸುವ ರನ್‌ಟೈಮ್‌ನಲ್ಲಿ, ಅದೇ ಪ್ಯಾಕೇಜ್ ನಿಮ್ಮ ಎಸ್‌ಎಸ್‌ಎಚ್ ಕೀ (ಬೇರೆ ಸರ್ವರ್‌ಗೆ ಲಾಗಿನ್ ಆಗುವ ಗುಟ್ಟಿನ ಕೀಲಿ) ಓದಬಹುದು, ಎನ್ವಿರಾನ್‌ಮೆಂಟ್ ವೇರಿಯಬಲ್‌ನಲ್ಲಿಟ್ಟ (ಪ್ರೋಗ್ರಾಂಗೆ ಹೊರಗಿನಿಂದ ಕೊಡುವ ಸೆಟ್ಟಿಂಗ್) ಡೇಟಾಬೇಸ್ ಪಾಸ್‌ವರ್ಡ್ ಎತ್ತಿಕೊಳ್ಳಬಹುದು, ಎರಡನ್ನೂ ಯಾವುದೋ ಸರ್ವರ್‌ಗೆ ಕಳಿಸಿ ಸುಮ್ನೆ ದಿನಾಂಕ ಬರೆದುಕೊಟ್ಟು ಕೂರಬಹುದು. ತಡೆಯುವವರು ಯಾರೂ ಇಲ್ಲ. ನೀವು ಓಡಿಸಿದ ಪ್ರೋಗ್ರಾಂಗೆ ನಿಮಗಿರುವಷ್ಟೇ ಅಧಿಕಾರ. ಇಷ್ಟು ವರ್ಷ ಇದನ್ನು ನಾವು ಹೇಗೆ ಒಪ್ಪಿಕೊಂಡು ಬಂದೆವು ಅನ್ನುವುದೇ ನನಗೆ ಆಶ್ಚರ್ಯ.

2009ರಲ್ಲಿ ನೋಡ್ ಕಟ್ಟಿದ ರಯಾನ್ ಡಾಲ್ ಅವರೇ 2018ರ ಜೆಎಸ್‌ಕಾನ್ಫ್ ಇಯು ಎಂಬ ಜಾವಾಸ್ಕ್ರಿಪ್ಟ್ ಸಮ್ಮೇಳನದಲ್ಲಿ ತಮ್ಮ ತಪ್ಪುಗಳನ್ನು ಒಂದೊಂದಾಗಿ ಹೇಳಿಕೊಂಡರು. ಅದರಲ್ಲಿ ಭದ್ರತೆಯೂ ಒಂದು. ನೋಡ್ ಒಳಗೆ ಜಾವಾಸ್ಕ್ರಿಪ್ಟ್ ಓಡಿಸುವ ವಿ8 ಎಂಜಿನ್ ತನ್ನಷ್ಟಕ್ಕೆ ಒಳ್ಳೆಯ ಸ್ಯಾಂಡ್‌ಬಾಕ್ಸ್, ಅಂದರೆ ಒಳಗಿನ ಕೋಡು ಹೊರಗಿನದನ್ನು ಮುಟ್ಟಲಾಗದ ಪೆಟ್ಟಿಗೆ. ಬರೀ ಜಾವಾಸ್ಕ್ರಿಪ್ಟ್‌ಗೆ ಫೈಲ್ ತೆರೆಯೋಕೆ ಬರುವುದೇ ಇಲ್ಲ. ಫೈಲು, ನೆಟ್‌ವರ್ಕು ಎಲ್ಲ ರನ್‌ಟೈಮ್ ಕೊಟ್ಟರೆ ಮಾತ್ರ ಉಂಟು. ನೋಡ್ ಎಲ್ಲವನ್ನೂ ಕೊಟ್ಟುಬಿಟ್ಟಿತು. ಅವರೇ ಆಮೇಲೆ ಕಟ್ಟಿದ, 2020ರಲ್ಲಿ 1.0 ಆದ ಡೆನೋ ಎಂಬ ರನ್‌ಟೈಮ್ ಮೊದಲು ಏನನ್ನೂ ಕೊಡುವುದಿಲ್ಲ, ಕೇಳಿದ್ದನ್ನು ಮಾತ್ರ ಕೊಡುತ್ತದೆ.

ಕೂತು ನೋಡಿದರೆ ಇದರ ಬೆಲೆ ಗೊತ್ತಾಗುತ್ತದೆ. ಪ್ರೋಗ್ರಾಂ ಓಡುತ್ತಾ ಇರುತ್ತದೆ, ಟರ್ಮಿನಲ್ ತಟ್ಟನೆ ನಿಲ್ಲುತ್ತದೆ: ಇಂಥ ಎನ್ವಿರಾನ್‌ಮೆಂಟ್ ವೇರಿಯಬಲ್ ಓದಬೇಕಂತೆ, ಬಿಡಲಾ ಬೇಡವಾ? ಆ ಒಂದು ಕ್ಷಣ ನೀವು ಯೋಚಿಸುತ್ತೀರಿ. ದಿನಾಂಕ ಬರೆಯೋಕೆ ಪಾಸ್‌ವರ್ಡ್ ಯಾಕಪ್ಪಾ? ನೋಡ್‌ನಲ್ಲಿ ಈ ಪ್ರಶ್ನೆ ಬರುವುದೇ ಇಲ್ಲ.

ಇದು ಬರೀ ಊಹೆಯ ಭಯ ಅಲ್ಲ. 2021ರ ಅಕ್ಟೋಬರ್‌ನಲ್ಲಿ ಯುಎ-ಪಾರ್ಸರ್-ಜೆಎಸ್ ಬರೆದವರ ಎನ್‌ಪಿಎಂ (ಜಾವಾಸ್ಕ್ರಿಪ್ಟ್ ಪ್ಯಾಕೇಜ್‌ಗಳನ್ನು ಹಂಚುವ ತಾಣ) ಖಾತೆ ಕಳ್ಳರ ಕೈಗೆ ಸಿಕ್ಕಿತು. ಬ್ರೌಸರ್ ಯಾವುದು ಅಂತ ಹೇಳುವ, ತುಂಬಾ ಜನ ಬಳಸುವ ಪ್ಯಾಕೇಜ್ ಅದು. ಮೂರು ಕೆಟ್ಟ ಆವೃತ್ತಿಗಳು ಹೊರಬಂದವು. ಇನ್‌ಸ್ಟಾಲ್ ಮಾಡುತ್ತಿದ್ದಂತೆಯೇ ಒಂದು ಸ್ಕ್ರಿಪ್ಟ್ ಓಡಿ ಕ್ರಿಪ್ಟೋ ಮೈನರ್, ಅಂದರೆ ನಿಮ್ಮ ಯಂತ್ರದಲ್ಲಿ ಕದ್ದು ಕ್ರಿಪ್ಟೋ ಹಣ ಗಳಿಸುವ ಪ್ರೋಗ್ರಾಂ, ಇಳಿಸಿಕೊಳ್ಳುತ್ತಿತ್ತು. ಡೆನೋ ಇಂಥ ಇನ್‌ಸ್ಟಾಲ್ ಸ್ಕ್ರಿಪ್ಟ್‌ಗಳನ್ನು ನೀವು ಹೇಳದೆ ಓಡಿಸುವುದೇ ಇಲ್ಲ. ನೋಡ್ ಕೂಡ 2023ರಲ್ಲಿ 20ನೇ ಆವೃತ್ತಿಯಿಂದ ಪರ್ಮಿಷನ್ ವ್ಯವಸ್ಥೆ ತಂದಿದೆ, ಆದರೆ ಅದನ್ನು ನೀವೇ ಆನ್ ಮಾಡಬೇಕು. ನೆನಪಿದ್ದವನಿಗೆ ಮಾತ್ರ ಬೀಗ ಅಂದ್ರೆ ಹೇಗೆ? ಮೊದಲಿಂದಲೇ ಬಾಗಿಲು ಹಾಕಿರಬೇಕು.

ವಿರೋಧ: ಗೋಡೆ ಬೇಕು, ಆದರೆ ಅದು ರನ್‌ಟೈಮ್ ಒಳಗಲ್ಲ

ದಿನಾಂಕದ ಪ್ಯಾಕೇಜಿನ ಉದಾಹರಣೆಯನ್ನೇ ಇನ್ನು ನಾಲ್ಕು ಹೆಜ್ಜೆ ಮುಂದೆ ತೆಗೆದುಕೊಂಡು ಹೋಗೋಣ. ನಿಜವಾದ ಸರ್ವರ್‌ಗೆ ಡೇಟಾಬೇಸ್ ಬೇಕು, ಹಾಗಾಗಿ ನೆಟ್‌ವರ್ಕ್ ಬಿಡುತ್ತೀರಿ. ಪಾಸ್‌ವರ್ಡ್ ಬೇಕು, ಎನ್ವಿರಾನ್‌ಮೆಂಟ್ ಬಿಡುತ್ತೀರಿ. ಫೈಲ್ ಅಪ್‌ಲೋಡ್ ಬೇಕು, ಬರೆಯುವ ಅನುಮತಿ ಕೊಡುತ್ತೀರಿ. ಈಗ ಹೇಳಿ, ಇದೆಲ್ಲ ಸಿಕ್ಕಿದ್ದು ಯಾರಿಗೆ? ಇಡೀ ಪ್ರೋಸೆಸ್‌ಗೆ, ಅಂದರೆ ಓಡುತ್ತಿರುವ ಇಡೀ ಪ್ರೋಗ್ರಾಂಗೆ. ನಿಮ್ಮ ಕೋಡಿಗೂ ಸಿಕ್ಕಿತು, ಆ ದಿನಾಂಕದ ಪ್ಯಾಕೇಜಿಗೂ ಸಿಕ್ಕಿತು. ಡೆನೋ ಆಗಲಿ ನೋಡ್ ಆಗಲಿ ಪ್ಯಾಕೇಜಿಗೊಂದು ಅಂತ ಅನುಮತಿ ಕೊಡುವುದಿಲ್ಲ. ಗೇಟಿನಲ್ಲಿ ಕಾವಲುಗಾರ ಇದ್ದಾನೆ ನಿಜ, ಕಳ್ಳ ಮನೆಯೊಳಗೇ ಇದ್ದಾನಲ್ಲ!

ಆಮೇಲೆ ಬೇರೆ ಪ್ರೋಗ್ರಾಂ ಓಡಿಸುವ ಅನುಮತಿ. ಚಿತ್ರ ಸಣ್ಣದು ಮಾಡೋಕೆ ಅಂತ ಇದನ್ನು ಕೊಟ್ಟಿರುತ್ತೀರಿ. ಹಾಗೆ ಓಡಿದ ಪ್ರೋಗ್ರಾಂ ಡೆನೋದ ಯಾವ ನಿಯಮಕ್ಕೂ ಒಳಪಡುವುದಿಲ್ಲ.

ನಾನು ಕಣ್ಣಾರೆ ಕಂಡಿದ್ದು ಇನ್ನೂ ಸರಳ. ಸಂಜೆ ಹೊತ್ತಿಗೆ ಹೊಸ ಕೋಡ್ ಪ್ರೊಡಕ್ಷನ್‌ಗೆ ಹೋಯಿತು, ಯಾವುದೋ ಹೋಸ್ಟ್‌ಗೆ ಅನುಮತಿ ಇಲ್ಲ ಅಂತ ಎರರ್ ಬಂತು. ಸೇರಿಸಿದೆವು. ಇನ್ನೊಂದು ಬಂತು, ಅದನ್ನೂ ಸೇರಿಸಿದೆವು. ಮೂರನೆಯದಕ್ಕೆ ಒಬ್ಬರು ಎಲ್ಲವನ್ನೂ ಬಿಡುವ ಆ ಒಂದಕ್ಷರದ ಫ್ಲ್ಯಾಗ್ ಹಾಕಿದರು, ನಾಳೆ ಸರಿ ಮಾಡೋಣ ಅಂದರು. ತಿಂಗಳುಗಳ ಮೇಲೆ ನೋಡಿದರೂ ಅದು ಅಲ್ಲೇ ಇತ್ತು. ಅವರನ್ನು ಬೈಯುವುದಕ್ಕೆ ನನಗೆ ಮನಸ್ಸಿಲ್ಲ. ಸುಸ್ತಾದವರ ಕೈಯಲ್ಲಿ ಇಂಥ ಪಟ್ಟಿ ಕೊಟ್ಟರೆ ಆಗುವುದೇ ಹೀಗೆ.

ಇನ್ನು ನಂಬಿಕೆಯೇ ಇಲ್ಲದ ಕೋಡ್, ಅಂದರೆ ಬಳಕೆದಾರರು ಬರೆದ ಸ್ಕ್ರಿಪ್ಟ್ ಓಡಿಸುವ ವಿಷಯ. ಇಲ್ಲಿ ವಿಎಂ2 ಕಥೆ ಮರೆಯಬಾರದು. ನೋಡ್ ಒಳಗೇ ಸ್ಯಾಂಡ್‌ಬಾಕ್ಸ್ ಕಟ್ಟಿಕೊಡುತ್ತಿದ್ದ ಲೈಬ್ರರಿ ಅದು. ಒಂದು ತೂತು ಮುಚ್ಚಿದರೆ ಇನ್ನೊಂದು ತೆರೆಯುತ್ತಿತ್ತು. ಕೊನೆಗೆ 2023ರ ಜುಲೈನಲ್ಲಿ, ಸರಿ ಮಾಡಲಾಗದ ದೋಷಗಳಿವೆ, ಪ್ರೊಡಕ್ಷನ್‌ನಲ್ಲಿ ಬಳಸಬೇಡಿ ಅಂತ ಕಟ್ಟಿದವರೇ ಹೇಳಿ ಕೆಲಸ ನಿಲ್ಲಿಸಿದರು. ನೋಡ್‌ನ ಪರ್ಮಿಷನ್ ದಾಖಲೆಯೂ ಅಷ್ಟೇ ಪ್ರಾಮಾಣಿಕವಾಗಿದೆ. ಕೆಟ್ಟ ಉದ್ದೇಶದ ಕೋಡ್ ವಿರುದ್ಧ ಇದು ರಕ್ಷಣೆ ಕೊಡುವುದಿಲ್ಲ ಅಂತ ಬರೆದಿದೆ. ನಂಬಿಕೆ ಇಲ್ಲದ ಕೋಡಿಗೆ ಹೊರಗೆ ಇನ್ನೊಂದು ಪದರ ಹಾಕಿ ಅಂತ ಡೆನೋ ದಾಖಲೆಯೂ ಹೇಳುತ್ತದೆ.

ವಿ8 ಐಸೊಲೇಟ್‌ಗಳನ್ನೇ (ಒಂದೇ ಪ್ರೋಸೆಸ್ ಒಳಗೆ ಒಬ್ಬೊಬ್ಬರ ಕೋಡನ್ನು ಬೇರೆ ಇಡುವ ಕೋಣೆಗಳು) ನಂಬಿ ಕಟ್ಟಿದ, ಜನರ ಕೋಡ್ ಓಡಿಸಿಕೊಡುವ ಕ್ಲೌಡ್‌ಫ್ಲೇರ್ ವರ್ಕರ್ಸ್ ಸೇವೆಯನ್ನು ನೋಡಿ. 2018ರ ಜನವರಿಯಲ್ಲಿ ಸ್ಪೆಕ್ಟರ್ ಎಂಬ ಪ್ರೊಸೆಸರ್ ದೋಷ ಬಯಲಾದ ಮೇಲೆ, ಒಂದೇ ಪ್ರೋಸೆಸ್‌ನಲ್ಲಿರುವ ಕೋಡು ಪಕ್ಕದವರ ಮೆಮೊರಿಯನ್ನು ಸಮಯ ಅಳೆದು ಊಹಿಸಬಹುದು ಅಂತ ಎಲ್ಲರಿಗೂ ಗೊತ್ತಾಯಿತು. ಹಾಗೆ ಅಳೆಯಲಾಗದಂತೆ ವರ್ಕರ್ಸ್‌ನಲ್ಲಿ ಕೋಡು ಲೆಕ್ಕ ಮಾಡುತ್ತಿರುವಾಗ ಗಡಿಯಾರವೇ ಮುಂದೆ ಹೋಗುವುದಿಲ್ಲ. ಐಸೊಲೇಟ್‌ಗಳ ಸುತ್ತ ಲಿನಕ್ಸ್ ಮಟ್ಟದ ಸ್ಯಾಂಡ್‌ಬಾಕ್ಸ್ ಬೇರೆ ಇದೆ. ಅಷ್ಟು ದೊಡ್ಡ ತಂಡವೇ ಒಳಗಿನ ಗೋಡೆಯೊಂದನ್ನೇ ನೆಚ್ಚಿಕೊಂಡಿಲ್ಲ ಅಲ್ವಾ?

ಅನುಮತಿಗಳ ಪಟ್ಟಿ ಕೊನೆಯಿಲ್ಲದ ಲೂಪನ್ನು ನಿಲ್ಲಿಸುವುದಿಲ್ಲ, ಮೆಮೊರಿ ನುಂಗುವ ಕೋಡನ್ನೂ ಹಿಡಿಯುವುದಿಲ್ಲ. ಅದಕ್ಕೆ ಸಿಗ್ರೂಪ್ (ಪ್ರೋಸೆಸ್‌ನ ಸಿಪಿಯು, ಮೆಮೊರಿಗೆ ಮಿತಿ ಹಾಕುವ ಲಿನಕ್ಸ್ ಸೌಲಭ್ಯ) ಬೇಕು. ಹೊರಗೆ ಹೋಗುವ ಟ್ರಾಫಿಕ್‌ಗೆ ಫೈರ್‌ವಾಲ್ ಬೇಕು. ನಿಜಕ್ಕೂ ಅಪಾಯದ ಕೋಡಿದ್ದರೆ ಜಿವೈಸರ್ ಇಲ್ಲವೇ ಫೈರ್‌ಕ್ರ್ಯಾಕರ್‌ನಂಥ, ಇಡೀ ಪ್ರೋಗ್ರಾಂ ಅನ್ನೇ ಹೊರಗಿನಿಂದ ಬೇರ್ಪಡಿಸುವ ಸಾಧನ ಬೇಕು. ಇವನ್ನೆಲ್ಲ ಸರಿಯಾಗಿ ಹಾಕಿಕೊಂಡವರು ನೋಡ್ ಓಡಿಸಿದರೂ ಅದೇ ರಕ್ಷಣೆ ಸಿಗುತ್ತದೆ, ಪೈಥಾನ್ ಓಡಿಸಿದರೂ ಅದೇ. ಹಾಗಿರುವಾಗ ಚೆನ್ನಾಗಿ ಓಡುತ್ತಿರುವ ಸರ್ವರನ್ನು ಭದ್ರತೆಗೋಸ್ಕರವೇ ಹೊಸ ರನ್‌ಟೈಮ್‌ಗೆ ಎತ್ತಿಡಿ ಅಂತ ನನ್ನ ತಂಡಕ್ಕೆ ನಾನು ಹೇಳಲಾರೆ. ಅದಕ್ಕೆ ಹೋಗುವ ಸಮಯ ಇದ್ದರೆ ಹೊರಗೆ ಹೋಗುವ ಟ್ರಾಫಿಕ್‌ಗೆ ಬಾಗಿಲು ಹಾಕಿ ಅನ್ನುತ್ತೇನೆ.